ಅಮ್ಮನ ಪಿತ್ತಕೋಶಕ್ಕೆ ‘ಎಐ ರೋಬೋಟ್’ ಆಪರೇಷನ್ ಅಂತಾರೆ. ಇದರಲ್ಲಿ ಎಐ ಎಲ್ಲಿದೆ?

ತಿಪಟೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 63 ವರ್ಷ. ಎರಡು ತಿಂಗಳಿಂದ ಊಟ ಆದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡ ಹಾಗೆ ನೋವು. ಗ್ಯಾಸ್ಟ್ರಿಕ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿದು ದಿನ ತಳ್ಳಿದರು. ಒಂದು ರಾತ್ರಿ ನೋವು ಬೆನ್ನಿಗೂ ಹೋಯಿತು, ವಾಂತಿ ಆಯಿತು. ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದ ತುಂಬ ಕಲ್ಲು. ಪಿತ್ತಕೋಶವನ್ನೇ ತೆಗೆಸಬೇಕು ಅಂದರು. ಅದಕ್ಕೆ ನಾವು ತಯಾರಿದ್ದೇವೆ.

ಗೊಂದಲ ಶುರುವಾಗಿದ್ದು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಕೌಂಟರ್‌ನಲ್ಲಿದ್ದವರು ಎರಡು ಪ್ಯಾಕೇಜ್ ತೋರಿಸಿದರು. ಒಂದು ಮಾಮೂಲಿ ಲ್ಯಾಪ್ರೋಸ್ಕೋಪಿ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ, ಉಪಕರಣ ಬಿಟ್ಟು ಮಾಡುವುದು. ಇನ್ನೊಂದು ಅದಕ್ಕಿಂತ ಒಂದು ಲಕ್ಷಕ್ಕೂ ಜಾಸ್ತಿ. ‘ಇದು ಎಐ ರೋಬೋಟಿಕ್ ಮೇಡಂ, ತಪ್ಪಾಗೋ ಚಾನ್ಸೇ ಇಲ್ಲ’ ಅಂದರು. ಪಕ್ಕದಲ್ಲಿ ಕೂತಿದ್ದ ಅಮ್ಮ ಒಂದೇ ಪ್ರಶ್ನೆ ಕೇಳಿದರು: ‘ಮಿಷನ್ನೇ ಕೊಯ್ಯುತ್ತಾ? ಡಾಕ್ಟ್ರು ಎಲ್ಲಿರ್ತಾರೆ?’ ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ನಗುತ್ತಾ ಇನ್ನೊಂದು ಕರಪತ್ರ ಕೊಟ್ಟರು.

ದುಡ್ಡು ಹೊಂದಿಸಬಹುದು. ಆದರೆ ಯಾವುದಕ್ಕೆ ಕೊಡುತ್ತಿದ್ದೇವೆ ಅಂತ ಗೊತ್ತಾಗಬೇಕು ಅಲ್ವಾ? ಗೊತ್ತಿರುವವರು ಹೇಳಿ.

ಓಟಿ ಸಿಸ್ಟರ್

ನಿಮ್ಮ ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ ಮೇಡಂ. 22 ವರ್ಷದಿಂದ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರ್‌ನಲ್ಲಿ, ಕೆಲಸ ಮಾಡುತ್ತಿದ್ದೇನೆ, ಅದರಲ್ಲಿ ಕಳೆದ 6 ವರ್ಷ ರೋಬೋಟ್ ಓಟಿಯಲ್ಲಿ. ನೋಡಿದ್ದನ್ನು ಹೇಳುತ್ತೇನೆ, ಅಮ್ಮನಿಗೂ ಓದಿ ಹೇಳಿ.

ಬೆಳಿಗ್ಗೆ ನಮ್ಮ ಮೊದಲ ಕೆಲಸ ರೋಬೋಟಿನ ನಾಲ್ಕು ತೋಳುಗಳಿಗೆ ಸ್ಟೆರೈಲ್ ಪ್ಲಾಸ್ಟಿಕ್ ಹೊದಿಸುವುದು. ದೊಡ್ಡ ಮಕ್ಕಳಿಗೆ ಸ್ವೆಟರ್ ಹಾಕಿದ ಹಾಗೆ, ಒಂದೊಂದೇ ತೋಳು. ರೋಗಿಗೆ ಅರಿವಳಿಕೆ ಕೊಟ್ಟ ಮೇಲೆ ಸರ್ಜನ್ ಕೈಯಿಂದಲೇ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಪೋರ್ಟ್ ಅನ್ನುವ ಕೊಳವೆ ಹಾಕುತ್ತಾರೆ. ಆ ಪೋರ್ಟ್‌ಗಳಿಗೆ ರೋಬೋಟಿನ ತೋಳು ಸಿಕ್ಕಿಸುತ್ತೇವೆ. ಇದಕ್ಕೆ ಡಾಕಿಂಗ್ ಅಂತೀವಿ. ಆಮೇಲೆ ಸರ್ಜನ್ ಗ್ಲೌಸ್ ತೆಗೆದು, ಅದೇ ಕೋಣೆಯ ಮೂಲೆಯಲ್ಲಿರುವ ಕನ್ಸೋಲ್ ಮುಂದೆ ಹೋಗಿ ಕೂರುತ್ತಾರೆ. ನಮ್ಮ ಸರ್ ಚಪ್ಪಲಿ ಬಿಟ್ಟು ಕಾಲ್ಚೀಲದಲ್ಲೇ ಪೆಡಲ್ ಮೇಲೆ ಕಾಲಿಡುತ್ತಾರೆ. ನೋಡದೆಯೇ ಯಾವ ಪೆಡಲ್ ಅಂತ ಪಾದಕ್ಕೆ ಗೊತ್ತಾಗಬೇಕು. ಹಣೆಯನ್ನು ಆ ಪೆಟ್ಟಿಗೆಗೆ ಒರಗಿಸಿ ಒಳಗೆ ನೋಡುತ್ತಾರೆ, ಎರಡು ಬೆರಳಿನಲ್ಲಿ ಹಿಡಿಕೆ ಹಿಡಿಯುತ್ತಾರೆ. ಅವರ ಬೆರಳು ಆಡಿದ ಹಾಗೆ ಒಳಗೆ ಉಪಕರಣ ಆಡುತ್ತದೆ.

ಒಂದು ವಿಷಯ ಅಮ್ಮನಿಗೆ ಖಂಡಿತ ಹೇಳಿ. ಸರ್ಜನ್ ಆ ಪೆಟ್ಟಿಗೆಯಿಂದ ತಲೆ ಎತ್ತಿದ ತಕ್ಷಣ ಒಳಗಿನ ಉಪಕರಣಗಳು ಇದ್ದಲ್ಲೇ ನಿಂತುಬಿಡುತ್ತವೆ. ಅಲ್ಲಿ ಸೆನ್ಸರ್ ಇದೆ. ಅವರು ನೋಡುತ್ತಿಲ್ಲ ಅಂದರೆ ಯಾವುದೂ ಅಲುಗಾಡುವ ಹಾಗಿಲ್ಲ. ಮಿಷನ್ ತಾನಾಗಿಯೇ ಕೊಯ್ಯುವುದನ್ನು ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ನೋಡಿಲ್ಲ.

ರೋಗಿಯ ಪಕ್ಕದಲ್ಲಿ ಇನ್ನೊಬ್ಬ ಡಾಕ್ಟರು, ನಾನು, ಅರಿವಳಿಕೆ ಡಾಕ್ಟರು ಇದ್ದೇ ಇರುತ್ತೇವೆ. ಅಮ್ಮ ಒಬ್ಬರೇ ಮಿಷನ್ ಜೊತೆ ಇರುವುದಿಲ್ಲ.

ದಾವಣಗೆರೆ ಸರ್ಜನ್

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಲ್ಯಾಪ್ರೋಸ್ಕೋಪಿ ಮಾಡುವವನು, ರೋಬೋಟ್ ತರಬೇತಿಯೂ ಆಗಿದೆ. ಎರಡನ್ನೂ ಬಲ್ಲೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

‘ರೋಬೋಟ್’ ಮತ್ತು ‘ಎಐ’ ಬೇರೆ ಬೇರೆ. ಹೆಚ್ಚಿನ ಕಡೆ ಇರುವ ‘ಡಾ ವಿಂಚಿ’ ಅನ್ನುವ ರೋಬೋಟ್ ಯಂತ್ರಕ್ಕೆ ಅಮೆರಿಕದ ಔಷಧ, ವೈದ್ಯಕೀಯ ಉಪಕರಣ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 2000ದಲ್ಲಿ. ಆಗ ಇವತ್ತಿನ ಎಐ ಹುಟ್ಟಿಯೇ ಇರಲಿಲ್ಲ. ಆ ಯಂತ್ರ ಕೈ ನಡುಕವನ್ನು ಸೋಸುತ್ತದೆ. ನನ್ನ ಕೈ 3 ಸೆಂಟಿಮೀಟರ್ ಸರಿದರೆ ಒಳಗೆ 1 ಸೆಂಟಿಮೀಟರ್ ಮಾತ್ರ ಸರಿಯುವ ಹಾಗೆ ಇಡಬಹುದು. ಉಪಕರಣದ ತುದಿ ಮಣಿಕಟ್ಟಿನ ಹಾಗೆ ತಿರುಗುತ್ತದೆ. ಇದೆಲ್ಲ ಒಳ್ಳೆಯ ಎಂಜಿನಿಯರಿಂಗ್, ಒಳ್ಳೆಯ ಲೆಕ್ಕಾಚಾರ. ಆದರೆ ಇದರಲ್ಲಿ ‘ಬುದ್ಧಿ’ ಇಲ್ಲ. ಎಲ್ಲಿ ಕತ್ತರಿಸಬೇಕು ಅಂತ ಅದಕ್ಕೆ ಗೊತ್ತಿಲ್ಲ.

ಈಗ ಪಿತ್ತಕೋಶಕ್ಕೆ ಬರೋಣ. ಲಿವರ್ ಕೆಳಗೆ ಅಂಟಿಕೊಂಡಿರುವ ಸಣ್ಣ ಬದನೆಕಾಯಿ ಅಂತ ಅಂದುಕೊಳ್ಳಿ. ತೊಟ್ಟಿನ ಹತ್ತಿರ ಒಂದು ಸಣ್ಣ ನಾಳ, ಒಂದು ಸಣ್ಣ ರಕ್ತನಾಳ. ಇವೆರಡಕ್ಕೂ ಕ್ಲಿಪ್ ಹಾಕಿ ಕತ್ತರಿಸಿ, ಲಿವರ್‌ನಿಂದ ಬಿಡಿಸಿದರೆ ಕೆಲಸ ಮುಗಿಯಿತು. ಅಪಾಯ ಇರುವುದು ಪಕ್ಕದಲ್ಲಿ. ಆ ಸಣ್ಣ ನಾಳ ಹೋಗಿ ಸೇರುವುದು ಲಿವರ್‌ನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳಕ್ಕೆ. ಪಿತ್ತಕೋಶವನ್ನು ಎಳೆದು ಹಿಡಿದಾಗ ಎರಡೂ ಒಂದೇ ಗೆರೆಗೆ ಬಂದುಬಿಡುತ್ತವೆ. ಊತ ಇದ್ದು ಎಲ್ಲ ಅಂಟಿಕೊಂಡಿದ್ದರೆ ಇನ್ನೂ ಕಷ್ಟ. ಮುಖ್ಯ ನಾಳವನ್ನೇ ಸಣ್ಣ ನಾಳ ಅಂದುಕೊಂಡು ಕತ್ತರಿಸಿದರೆ ರೋಗಿಯ ಬದುಕೇ ಬದಲಾಗುತ್ತದೆ.

2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಜನ್ ಲಾರೆನ್ಸ್ ವೇ ಮತ್ತು ಅವರ ತಂಡ ಇಂಥ 252 ಪ್ರಕರಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅದರಲ್ಲಿ ಶೇ 97ರಷ್ಟರಲ್ಲಿ ಮೂಲ ಕಾರಣ ಕಣ್ಣು ಮೋಸ ಹೋಗಿದ್ದು. ಕೈ ಚಳಕ ಕಮ್ಮಿ ಇದ್ದಿದ್ದಲ್ಲ. ಸರ್ಜನ್ ತಾನು ನೋಡುತ್ತಿರುವುದು ಸಣ್ಣ ನಾಳವೇ ಅಂತ ಪೂರ್ತಿ ನಂಬಿ, ಅಚ್ಚುಕಟ್ಟಾಗಿ ಕತ್ತರಿಸಿದ್ದರು.

ಈ ಒಂದು ಮಾತನ್ನು ನೆನಪಿಡಿ ಮೇಡಂ. ರೋಬೋಟ್ ಕೈಯನ್ನು ಚೆನ್ನಾಗಿ ಮಾಡುತ್ತದೆ. ಪಿತ್ತಕೋಶದಲ್ಲಿ ಎಡವುವುದು ಕಣ್ಣು.

ಮಲೆನಾಡಿಗ

ಈ ವಿಷಯ ನೋಡಿ ಬರೆಯದೆ ಇರಲಾಗಲಿಲ್ಲ. 8 ವರ್ಷದ ಹಿಂದೆ ಅಪ್ಪನಿಗೆ ಇದೇ ಆಪರೇಷನ್ ಆಯಿತು. ಆಸ್ಪತ್ರೆ ಹೆಸರು ಬೇಡ. ‘ನಾಳೆ ಮನೆಗೆ ಹೋಗಬಹುದು’ ಅಂದಿದ್ದರು. ಮೂರನೇ ದಿನ ಅಮ್ಮ ಅಪ್ಪನ ಮುಖ ನೋಡಿ ‘ಇವರ ಕಣ್ಣು ಯಾಕೆ ಅರಿಶಿನ ಹಚ್ಚಿದ ಹಾಗಿದೆ’ ಅಂದಳು. ಮುಖ್ಯ ನಾಳಕ್ಕೇ ಕ್ಲಿಪ್ ಬಿದ್ದಿತ್ತು. ಆಮೇಲೆ ಬೆಂಗಳೂರಿಗೆ ಹೋಗಿ, ಹೊಟ್ಟೆ ಪೂರ್ತಿ ತೆರೆದು, ಕರುಳನ್ನು ತಂದು ಲಿವರ್‌ನ ನಾಳಕ್ಕೆ ಜೋಡಿಸಿದರು. ನಾಲ್ಕು ತಿಂಗಳು ಅಪ್ಪ ತೋಟದ ಕಡೆ ಹೋಗಲಿಲ್ಲ. ಈಗಲೂ ಚಳಿ ಜ್ವರ ಬಂದರೆ ನಮಗೆಲ್ಲ ನಿದ್ದೆ ಬರುವುದಿಲ್ಲ.

ಡಾಕ್ಟ್ರೇ, ಬೈಯುವುದಕ್ಕೆ ಕೇಳುತ್ತಿಲ್ಲ. ಅವತ್ತು ಪರದೆಯ ಮೇಲೆ ‘ನಿಲ್ಲಿ, ಇದು ಮುಖ್ಯ ನಾಳ’ ಅಂತ ಹೇಳುವ ಯಂತ್ರ ಇದ್ದಿದ್ದರೆ ಅಪ್ಪ ಉಳಿಯುತ್ತಿದ್ದರಾ ಈ ಕಷ್ಟದಿಂದ?

ದಾವಣಗೆರೆ ಸರ್ಜನ್

ಸರ್, ನಿಮ್ಮ ತಂದೆಯವರ ವಿಷಯ ಓದಿ ತುಂಬಾ ನೋವಾಯಿತು. ಆ ದಿನ ಏನಾಗುತ್ತಿತ್ತು ಅಂತ ಹೇಳಲು ನನಗೆ ಹಕ್ಕಿಲ್ಲ. ಆದರೆ ನೀವು ಕೇಳಿದ ಯಂತ್ರವನ್ನೇ ಜನ ಕಟ್ಟುತ್ತಿದ್ದಾರೆ. ಸರ್ಜರಿಯಲ್ಲಿ ಎಐ ಅಂತ ಕೇಳಿದಾಗ ನನಗೆ ಆಸೆ ಹುಟ್ಟುವುದು ಅಲ್ಲೇ.

ಎಐ ಬರುವ ಮೊದಲೇ ನಮಗೆ ಒಂದು ನಿಯಮ ಇದೆ. 1995ರಲ್ಲಿ ಸ್ಟೀವನ್ ಸ್ಟ್ರಾಸ್‌ಬರ್ಗ್ ಅನ್ನುವ ಸರ್ಜನ್ ಹೇಳಿಕೊಟ್ಟಿದ್ದು. ಕ್ಲಿಪ್ ಹಾಕುವ ಮುಂಚೆ ಮೂರು ವಿಷಯ ಕಣ್ಣಿಗೆ ಕಾಣಬೇಕು. ಆ ಸಣ್ಣ ನಾಳ, ರಕ್ತನಾಳ ಇರುವ ತ್ರಿಕೋನ ಜಾಗದ ಕೊಬ್ಬು, ನಾರು ಎಲ್ಲ ಬಿಡಿಸಿರಬೇಕು. ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಲಿವರ್‌ನಿಂದ ಬೇರೆಯಾಗಿರಬೇಕು. ಪಿತ್ತಕೋಶಕ್ಕೆ ಹೋಗುವುದು ಎರಡೇ ಎರಡು ಎಳೆ ಅಂತ ಕಾಣಬೇಕು. ಕಾಣಲಿಲ್ಲವಾ, ಕತ್ತರಿಸುವ ಹಾಗಿಲ್ಲ. ಪಿತ್ತಕೋಶದ ಒಂದು ಭಾಗವನ್ನಷ್ಟೇ ತೆಗೆದು ಹೊರಗೆ ಬರಬಹುದು. ಹೊಟ್ಟೆ ತೆರೆಯಬಹುದು. ಇನ್ನೊಬ್ಬರನ್ನು ಕರೆಯಬಹುದು. ಇದರಲ್ಲಿ ಅವಮಾನ ಏನಿಲ್ಲ.

ತೊಂದರೆ ಅಂದರೆ, ‘ನನಗೆ ಕಂಡಿದೆ’ ಅಂತ ಅಂದುಕೊಳ್ಳುವವನೂ ಅದೇ ಸರ್ಜನ್. ಅವನ ಕಣ್ಣಿಗೆ ಇನ್ನೊಂದು ಕಣ್ಣು ಬೇಕು.

ವಿಡಿಯೋ ಗುರುತು

ಆ ಇನ್ನೊಂದು ಕಣ್ಣಿನ ಕೆಲಸ ಮಾಡುವ ಹುಡುಗರಲ್ಲಿ ನಾನೂ ಒಬ್ಬ. ಬೆಂಗಳೂರಿನಲ್ಲಿ ಸರ್ಜರಿ ವಿಡಿಯೋಗಳಿಗೆ ಗುರುತು ಹಾಕುವ ತಂಡದಲ್ಲಿ ಇದ್ದೇನೆ. ಒಳಗಿನಿಂದ ಹೇಗಿರುತ್ತದೆ ಅಂತ ಹೇಳುತ್ತೇನೆ.

ಲ್ಯಾಪ್ರೋಸ್ಕೋಪಿಯಲ್ಲಿ ಕ್ಯಾಮೆರಾ ಹೇಗೂ ಇದ್ದೇ ಇರುತ್ತದೆ. ಹಾಗಾಗಿ ಪಿತ್ತಕೋಶದ ಆಪರೇಷನ್ ವಿಡಿಯೋ ಸಿಗುವುದು ಸುಲಭ, ಒಂದರಂತೆ ಇನ್ನೊಂದು ನಡೆಯುತ್ತದೆ. ಈ ಕ್ಷೇತ್ರದ ಎಐ ಹೆಚ್ಚಾಗಿ ಪಳಗಿದ್ದು ಪಿತ್ತಕೋಶದಲ್ಲೇ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಊರಿನ ಸಂಶೋಧಕರು 80 ವಿಡಿಯೋಗಳ ಒಂದು ಕಂತೆ ಬಿಟ್ಟರು. ನಮ್ಮಂಥವರೆಲ್ಲ ಅದರಲ್ಲೇ ಕೈ ಪಳಗಿಸಿಕೊಂಡಿದ್ದು. ಆಮೇಲೆ ಟೊರಾಂಟೋದ ಅಮಿನ್ ಮದನಿ ಮತ್ತು ತಂಡ ‘ಗೋನೋಗೋನೆಟ್’ ಅಂತ ಒಂದು ಎಐ ಮಾಡಿತು. 37 ದೇಶಗಳ 290 ವಿಡಿಯೋ ತೋರಿಸಿ ಕಲಿಸಿದ್ದು. ಪರದೆಯ ಮೇಲೆ ಕೆಲಸ ಮಾಡಬಹುದಾದ ಜಾಗಕ್ಕೆ ಹಸಿರು, ಹೋಗಬಾರದ ಜಾಗಕ್ಕೆ ಕೆಂಪು ಬಣ್ಣ ತೋರಿಸುತ್ತದೆ.

ನನ್ನ ಕೆಲಸ ಹೇಗೆ ಅಂದರೆ, ವಿಡಿಯೋವನ್ನು ಒಂದು ಕಡೆ ನಿಲ್ಲಿಸಿ, ‘ಈ ಗೆರೆಯ ಒಳಗೆ ಸಣ್ಣ ನಾಳ’ ಅಂತ ಮೌಸ್‌ನಲ್ಲಿ ಗೆರೆ ಎಳೆಯುವುದು. ಆಮೇಲೆ ಮೂವರು ಸರ್ಜನ್‌ಗಳು ಅದನ್ನು ನೋಡುತ್ತಾರೆ. ಶುರುವಿನಲ್ಲಿ ನನಗೆ ಆಶ್ಚರ್ಯ ಆಗಿದ್ದು ಇದೇ: ಸುಲಭದ ಪಿತ್ತಕೋಶದಲ್ಲಿ ಮೂವರೂ ಒಂದೇ ಗೆರೆ ಎಳೆಯುತ್ತಾರೆ. ಊದಿಕೊಂಡು ಅಂಟಿಕೊಂಡ ಪಿತ್ತಕೋಶದಲ್ಲಿ ಮೂವರ ಗೆರೆ ಮೂರು ಕಡೆ. ಒಬ್ಬರು ನಾಳ ಅಂತಾರೆ, ಇನ್ನೊಬ್ಬರು ‘ಅದು ಬರೀ ನಾರು’ ಅಂತಾರೆ. ನಾವು ಎಐಗೆ ಕಲಿಸುವ ‘ಸರಿ ಉತ್ತರ’ ಇಂಥ ಮಾತುಕತೆಯಿಂದ ಬಂದಿದ್ದು. ಎಲ್ಲಿ ಮನುಷ್ಯರಿಗೆ ಕಷ್ಟವೋ ಅಲ್ಲಿ ಅದಕ್ಕೂ ಕಷ್ಟ. ಮಲೆನಾಡಿಗ ಅಣ್ಣ, ನಿಮ್ಮ ಪ್ರಶ್ನೆಗೆ ನಾನು ಸುಮ್ನೆ ‘ಹೌದು’ ಅಂತ ಹೇಳಲಾರೆ. ಆದರೆ ಕೆಂಪು ಬಣ್ಣ ಕಂಡಾಗ ಒಂದು ನಿಮಿಷ ಕೈ ನಿಂತರೂ ಆ ಒಂದು ನಿಮಿಷಕ್ಕೆ ಬೆಲೆ ಇದೆ ಅಂತ ನಂಬಿಯೇ ಈ ಕೆಲಸ ಮಾಡುತ್ತಿದ್ದೇನೆ.

ಇನ್ನೊಂದು. ನಮ್ಮ ಕಡೆಯ ವಿಡಿಯೋಗಳು ಈ ಕಲಿಕೆಯಲ್ಲಿ ಸಾಲದು. ನಮ್ಮಲ್ಲಿ ಜನ ವರ್ಷಗಟ್ಟಲೆ ನೋವು ತಡೆದುಕೊಂಡು ತಡವಾಗಿ ಬರುತ್ತಾರೆ. ಸಲೀಸಾದ ಪಿತ್ತಕೋಶ ನೋಡಿ ಕಲಿತ ಎಐ ನಮ್ಮ ಜಿಲ್ಲಾ ಆಸ್ಪತ್ರೆಯ ಗಟ್ಟಿಯಾದ ಪಿತ್ತಕೋಶದ ಮುಂದೆ ತಡಬಡಾಯಿಸಬಹುದು.

ದಾವಣಗೆರೆ ಸರ್ಜನ್

ಆ ಕೊನೆಯ ಮಾತು ನಿಜ. ನನ್ನ ಟೇಬಲ್ ಮೇಲೆ ಬರುವವರಲ್ಲಿ ಅರ್ಧಕ್ಕರ್ಧ ಜನ ‘ಸುಗ್ಗಿ ಮುಗಿಯಲಿ, ಮಗಳ ಮದುವೆ ಮುಗಿಯಲಿ’ ಅಂತ ಮುಂದೂಡಿದವರೇ.

ತಿಪಟೂರಿನ ಮಗಳು

ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಮಲೆನಾಡಿಗ ಅವರೇ, ನಿಮ್ಮ ಅಪ್ಪ ಚೆನ್ನಾಗಿರಲಿ. ಡಾಕ್ಟರ್, ಹಾಗಾದರೆ ನಮಗೆ ತೋರಿಸಿದ ಪ್ಯಾಕೇಜಿನಲ್ಲಿ ಆ ಹಸಿರು ಕೆಂಪು ಬಣ್ಣದ ಎಐ ಇರುತ್ತಾ? ರೋಬೋಟ್ ತಗೊಳ್ಳಲಾ ಬೇಡವಾ?

ದಾವಣಗೆರೆ ಸರ್ಜನ್

ಅದನ್ನು ಅವರನ್ನೇ ಕೇಳಿ. ‘ಎಐ ಅಂದರೆ ಯಾವುದು, ಆಪರೇಷನ್‌ನ ಯಾವ ಹಂತದಲ್ಲಿ ಏನು ಮಾಡುತ್ತದೆ’ ಅಂತ. ಸರ್ಜನ್ ಬಾಯಿಂದಲೇ ಉತ್ತರ ಬರಬೇಕು, ಕೌಂಟರ್‌ನಿಂದಲ್ಲ. ಬಹಳ ಕಡೆ ರೋಬೋಟಿಗೇ ಎಐ ಅಂತ ಹೆಸರು ಅಂಟಿಸಿರುತ್ತಾರೆ.

ರೋಬೋಟ್ ವಿಷಯಕ್ಕೆ ಬಂದರೆ ಒಂದು ಅಂಕಿ ಹೇಳುತ್ತೇನೆ. ಅಮೆರಿಕದಲ್ಲಿ 2010ರಿಂದ 2019ರ ನಡುವೆ ಪಿತ್ತಕೋಶ ತೆಗೆಸಿಕೊಂಡ 10 ಲಕ್ಷಕ್ಕೂ ಹೆಚ್ಚು ಮೆಡಿಕೇರ್ (ಅಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ) ರೋಗಿಗಳ ದಾಖಲೆ ನೋಡಿದ ಅಧ್ಯಯನ 2023ರಲ್ಲಿ ‘ಜಾಮಾ ಸರ್ಜರಿ’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪಿತ್ತನಾಳಕ್ಕೆ ಪೆಟ್ಟಾಗಿ ಮತ್ತೆ ದೊಡ್ಡ ಆಪರೇಷನ್ ಮಾಡಿಸಬೇಕಾಗಿ ಬಂದಿದ್ದು ರೋಬೋಟಿನಲ್ಲಿ ಶೇ 0.7, ಮಾಮೂಲಿ ಲ್ಯಾಪ್ರೋಸ್ಕೋಪಿಯಲ್ಲಿ ಶೇ 0.2. ರೋಬೋಟಿನಲ್ಲಿ ಜಾಸ್ತಿ! ಇದಕ್ಕೆ ಯಂತ್ರ ಕೆಟ್ಟದ್ದು ಅಂತ ಅರ್ಥ ಮಾಡಿಕೊಳ್ಳಬೇಡಿ. ಹಳೆಯ ದಾಖಲೆ ನೋಡಿ ಮಾಡಿದ ಅಧ್ಯಯನ ಅದು, ಆ ವರ್ಷಗಳಲ್ಲಿ ಎಷ್ಟೋ ಸರ್ಜನ್‌ಗಳು ರೋಬೋಟ್ ಕಲಿಯುತ್ತಿದ್ದರು. ಲ್ಯಾಪ್ರೋಸ್ಕೋಪಿಯೇ ಹೊಸದಾಗಿ ಬಂದಾಗಲೂ ಹೀಗೇ ಆಗಿತ್ತು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಮೊದಲ ಸಲ ಹೀಗೆ ಪಿತ್ತಕೋಶ ತೆಗೆದರು. 90ರ ದಶಕದ ಶುರುವಿನಲ್ಲಿ ಎಲ್ಲರೂ ಅದನ್ನೇ ಹಿಡಿದುಕೊಂಡಾಗ ನಾಳದ ಪೆಟ್ಟುಗಳು ಏರಿದವು. ಹೊಸ ಯಂತ್ರ ಬಂದಾಗ ಅದನ್ನು ಕಲಿಯುವ ಬೆಲೆಯನ್ನು ಯಾರೋ ರೋಗಿ ತೆರುತ್ತಾರೆ. ಅದನ್ನು ನಾವು ಡಾಕ್ಟರುಗಳು ಬಾಯಿಬಿಟ್ಟು ಹೇಳಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಮಾಮೂಲಿ ಕಲ್ಲಿಗೆ ಲ್ಯಾಪ್ರೋಸ್ಕೋಪಿ ಸಾಕು. ಯಂತ್ರಕ್ಕಿಂತ ಯಾರು ಮಾಡುತ್ತಾರೆ ಅನ್ನುವುದು ದೊಡ್ಡದು.

ಡೆಟ್ರಾಯಿಟ್ ಕನ್ನಡಿಗ

ಒಂದು ಮಾತು ಸೇರಿಸುತ್ತೇನೆ, ರೋಬೋಟ್ ಪರವಾಗಿ. ನಾನಿರುವ ಊರಿನ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲೇ ಡಾ. ಮಣಿ ಮೆನನ್ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೋಬೋಟ್ ಆಪರೇಷನ್ ಅನ್ನು ಒಂದು ಪದ್ಧತಿಯಾಗಿ ಬೆಳೆಸಿದ್ದು. ಪ್ರಾಸ್ಟೇಟ್ ಇರುವುದು ಸೊಂಟದ ಮೂಳೆಗಳ ಒಳಗೆ, ಆಳದಲ್ಲಿ. ಅಲ್ಲಿ ಕೈ ಹಾಕಿ ಹೊಲಿಗೆ ಹಾಕುವುದು ಅಂದರೆ ಗಡಿಗೆಯ ಒಳಗೆ ಕೈ ಬಿಟ್ಟು ಸೂಜಿಗೆ ದಾರ ಪೋಣಿಸಿದ ಹಾಗೆ. ಅಲ್ಲಿ ಮಣಿಕಟ್ಟಿನ ಹಾಗೆ ತಿರುಗುವ ಉಪಕರಣದಿಂದ ನಿಜವಾದ ಉಪಕಾರ ಇದೆ. ನಮ್ಮ ಮಾವನವರಿಗೆ ಇಲ್ಲೇ ಮಾಡಿಸಿದೆವು, ಎರಡನೇ ದಿನ ಮನೆಗೆ ಬಂದರು. ಹಾಗಾಗಿ ರೋಬೋಟ್ ಬೇಕೋ ಬೇಡವೋ ಅನ್ನುವುದು ಯಾವ ಅಂಗ ಅನ್ನುವುದರ ಮೇಲೆ ಹೋಗುತ್ತದೆ. ಡಾಕ್ಟ್ರು ಒಪ್ಪುತ್ತಾರೆ ಅಂದುಕೊಂಡಿದ್ದೇನೆ.

ದಾವಣಗೆರೆ ಸರ್ಜನ್

ಪೂರ್ತಿ ಒಪ್ಪುತ್ತೇನೆ ಸರ್. ಆದರೆ ಅಲ್ಲೂ ಎಚ್ಚರ ಬೇಕು. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಸಣ್ಣ ತೂತಿನ ಆಪರೇಷನ್ ಒಳ್ಳೆಯದು ಅಂತ ಎಲ್ಲರೂ ಅಂದುಕೊಂಡಿದ್ದೆವು. 2018ರಲ್ಲಿ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ನಾಲ್ಕೂವರೆ ವರ್ಷಕ್ಕೆ ಕಾಯಿಲೆ ಮರುಕಳಿಸದೆ ಇದ್ದವರು ಹೊಟ್ಟೆ ತೆರೆದು ಮಾಡಿದವರಲ್ಲಿ ಶೇ 96.5, ತೂತಿನ ಮೂಲಕ ಮಾಡಿದವರಲ್ಲಿ ಶೇ 86. ಅಳೆದು ನೋಡದೆ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಎಐಯನ್ನೂ ಹೀಗೇ ಅಳೆಯಬೇಕು.

ಪಿಜಿ ಎರಡನೇ ವರ್ಷ

ನಾನು ಜನರಲ್ ಸರ್ಜರಿ ಓದುತ್ತಿದ್ದೇನೆ. ನನ್ನ ಭಯ ಬೇರೆ. ಹಸಿರು ಬಣ್ಣ ನೋಡಿಕೊಂಡೇ ಕಲಿತರೆ, ಬಣ್ಣ ಇಲ್ಲದ ದಿನ ನನಗೆ ನಾಳ ಕಾಣುತ್ತಾ?

ಇದು ಬರೀ ಊಹೆ ಅಲ್ಲ. ದೊಡ್ಡ ಕರುಳನ್ನು ಕ್ಯಾಮೆರಾದಲ್ಲಿ ನೋಡುವ ಕೊಲೊನೋಸ್ಕೋಪಿ ಪರೀಕ್ಷೆಯಲ್ಲಿ ಗಂಟುಗಳನ್ನು ತೋರಿಸುವ ಎಐ ಈಗಾಗಲೇ ಬಳಕೆಯಲ್ಲಿದೆ. ಪೋಲೆಂಡಿನ ನಾಲ್ಕು ಕೇಂದ್ರಗಳಲ್ಲಿ ಅದು ಬರುವ ಮೊದಲು, ಡಾಕ್ಟರುಗಳು ತಾವಾಗಿಯೇ ಮಾಡಿದ ಪರೀಕ್ಷೆಗಳಲ್ಲಿ ಶೇ 28.4ರಲ್ಲಿ ಗಂಟು ಸಿಗುತ್ತಿತ್ತು. ಎಐ ಬಂದು ಅಭ್ಯಾಸ ಆದ ಮೇಲೆ, ಎಐ ಇಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಅದು ಶೇ 22.4ಕ್ಕೆ ಇಳಿಯಿತು. 2025ರಲ್ಲಿ ಲ್ಯಾನ್ಸೆಟ್ ಗುಂಪಿನ ಪತ್ರಿಕೆಯಲ್ಲಿ ಬಂದ ಅಧ್ಯಯನ. ಅವರೆಲ್ಲ ಹೊಸಬರಲ್ಲ, ಪಳಗಿದ ಡಾಕ್ಟರುಗಳು. ಪಳಗಿದವರ ಕಣ್ಣೇ ಹೀಗೆ ಮಂಕಾದರೆ, ಇನ್ನೂ ಕಣ್ಣು ಬಿಡುತ್ತಿರುವ ನಮ್ಮ ಗತಿ?

ನಮ್ಮ ಗುರುಗಳು ಕ್ಲಿಪ್ ಹಾಕುವ ಮುಂಚೆ ನನ್ನನ್ನು ಕೇಳುತ್ತಾರೆ, ‘ಇದು ಏನು? ಯಾಕೆ ಅಂತ ಹೇಳು.’ ಕ್ಯಾಮೆರಾ ಹಿಡಿದ ಕೈ ನಡುಗುತ್ತದೆ. ಆದರೆ ಆ ಪ್ರಶ್ನೆಯಿಂದಲೇ ಕಲಿತಿದ್ದು.

ವಿಡಿಯೋ ಗುರುತು

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ತಂಡದಲ್ಲಿ ಒಂದು ಯೋಚನೆ ಇದೆ: ಕಲಿಯುವವರಿಗೆ ಮೊದಲು ಬಣ್ಣ ಇಲ್ಲದೆ ತೋರಿಸಿ, ಅವರು ಗೆರೆ ಎಳೆದ ಮೇಲೆ ಎಐ ಗೆರೆ ತೋರಿಸುವುದು. ನಿಮ್ಮ ಗುರುಗಳ ಪ್ರಶ್ನೆಯ ಹಾಗೆ. ನಿಮ್ಮ ಮಾತನ್ನು ನಾಳೆ ಮೀಟಿಂಗ್‌ನಲ್ಲಿ ಹೇಳುತ್ತೇನೆ.

ಮಲೆನಾಡಿಗ

ನನ್ನ ಅಣ್ಣನ ಮಗ ಹೇಳುತ್ತಾನೆ, ಇನ್ನು ಹತ್ತು ವರ್ಷಕ್ಕೆ ಸರ್ಜನ್ನೇ ಬೇಡ, ರೋಬೋಟೇ ಎಲ್ಲ ಮಾಡುತ್ತದೆ ಅಂತ. ಅಮೆರಿಕದಲ್ಲಿ ಆಗಲೇ ಮಾಡಿದೆಯಂತೆ. ನಿಜಾನಾ?

ವಿಡಿಯೋ ಗುರುತು

ಅವನು ಹೇಳುತ್ತಿರುವುದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಕೆಲಸ ಇರಬೇಕು. ಅಲ್ಲೂ ಪಿತ್ತಕೋಶವೇ ನೋಡಿ. 2025ರ ಜುಲೈನಲ್ಲಿ ಪ್ರಕಟವಾಯಿತು. ಆಕ್ಸೆಲ್ ಕ್ರೀಗರ್ ಅವರ ತಂಡದ ರೋಬೋಟ್ ಸರ್ಜನ್‌ಗಳ ವಿಡಿಯೋ ನೋಡಿ ಕಲಿತು, ನಾಳಕ್ಕೂ ರಕ್ತನಾಳಕ್ಕೂ ಕ್ಲಿಪ್ ಹಾಕಿ ಕತ್ತರಿಸುವ 17 ಹೆಜ್ಜೆಗಳನ್ನು ತಾನೇ ಮಾಡಿತು. ನಡುವೆ ತಪ್ಪಿದರೆ ತಾನೇ ತಿದ್ದಿಕೊಂಡಿತು. ‘ಎಡಗೈ ಸ್ವಲ್ಪ ಎಡಕ್ಕೆ’ ಅಂತ ಬಾಯಲ್ಲಿ ಹೇಳಿದರೂ ಕೇಳಿತು. ರಕ್ತದ ಹಾಗೆ ಕಾಣುವ ಬಣ್ಣ ಸುರಿದು ನೋಟ ಬದಲಿಸಿದರೂ ಕೆಲಸ ಮುಗಿಸಿತು. 8ಕ್ಕೆ 8.

ನಾನು ಆ ವಿಡಿಯೋ ನೋಡಿದಾಗ ರೋಮಾಂಚನ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ 8 ಪಿತ್ತಕೋಶಗಳು ಸತ್ತ ಹಂದಿಗಳದ್ದು, ದೇಹದಿಂದ ಹೊರಗೆ ತೆಗೆದು ಇಟ್ಟಿದ್ದವು. ಅಲ್ಲಿ ಉಸಿರಾಟ ಇಲ್ಲ, ರಕ್ತ ಚಿಮ್ಮುವುದಿಲ್ಲ. ಸರ್ಜನ್‌ಗಿಂತ ಹೊತ್ತೂ ಜಾಸ್ತಿ ತಗೊಂಡಿತು. ಇದಕ್ಕೂ ಮುಂಚೆ, 2022ರಲ್ಲಿ ಅದೇ ವಿಶ್ವವಿದ್ಯಾಲಯದ ‘ಸ್ಟಾರ್’ ಅನ್ನುವ ರೋಬೋಟ್ ಜೀವಂತ ಹಂದಿಗಳ ಕರುಳನ್ನು ಹೊಲಿದಿದೆ. ದಾರಿ ಇದೆ. ನಿಮ್ಮ ಅಣ್ಣನ ಮಗ ಹೇಳಿದ ಜಾಗಕ್ಕೆ ಇನ್ನೂ ಬಂದಿಲ್ಲ.

ಓಟಿ ಸಿಸ್ಟರ್

ರಕ್ತ ಚಿಮ್ಮಿದ ಒಂದು ದಿನ ಹೇಳುತ್ತೇನೆ. ಕನ್ಸೋಲ್‌ನಲ್ಲಿ ಸರ್ ಇದ್ದರು, ಪರದೆ ಪೂರ್ತಿ ಕೆಂಪಾಯಿತು. ಅವರು ಒಂದು ಮಾತೂ ಜೋರಾಗಿ ಆಡಲಿಲ್ಲ. ‘ಸಿಸ್ಟರ್, ಗಾಜ್. ಡಾಕ್ಟ್ರೇ, ಒತ್ತಿ ಹಿಡಿಯಿರಿ.’ ಪಕ್ಕದ ಡಾಕ್ಟರು ಒತ್ತಿ ಹಿಡಿದರು. ನಾನು ಗಡಿಯಾರ ನೋಡುತ್ತಿದ್ದೆ, ಮೂರು ನಿಮಿಷ. ಮೆಲ್ಲಗೆ ಗಾಜ್ ಎತ್ತಿದಾಗ ಒಂದೇ ಒಂದು ಹನಿ ಜಾಗ ಕಂಡಿತು, ಹೊಲಿಗೆ ಹಾಕಿದರು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿ ಉಸಿರು ಬಿಟ್ಟೆವು. ಅವತ್ತು ಆ ಕೋಣೆಯಲ್ಲಿ 5 ಜನ ಇದ್ದೆವು. ಯಾರೊಬ್ಬರು ಕಮ್ಮಿ ಇದ್ದಿದ್ದರೂ ಕಷ್ಟ ಆಗುತ್ತಿತ್ತು.

ನರ ವಿಭಾಗ

ಪಿತ್ತಕೋಶದಿಂದ ಸ್ವಲ್ಪ ಆಚೆ ಹೋಗುತ್ತೇನೆ, ಕ್ಷಮಿಸಿ. ಆದರೆ ‘ಕಣ್ಣು’ ಅನ್ನುವ ಮಾತು ಬಂದಿದ್ದಕ್ಕೆ ಹೇಳಲೇಬೇಕು. ಮಿದುಳಿನ ಗ್ಲಯೋಮಾ ಗಡ್ಡೆ ತೆಗೆಯುವಾಗ ಎಲ್ಲಿ ಗಡ್ಡೆ ಮುಗಿಯಿತು, ಎಲ್ಲಿ ಒಳ್ಳೆಯ ಮಿದುಳು ಶುರು ಅಂತ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಜಾಸ್ತಿ ತೆಗೆದರೆ ಮಾತು ಹೋಗಬಹುದು, ಕಮ್ಮಿ ತೆಗೆದರೆ ಗಡ್ಡೆ ಮತ್ತೆ ಬೆಳೆಯುತ್ತದೆ. 2024ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯ ಮತ್ತು ಸ್ಯಾನ್ ಫ್ರಾನ್ಸಿಸ್ಕೋದವರು ಸೇರಿ ‘ಫಾಸ್ಟ್‌ಗ್ಲಯೋಮಾ’ ಅನ್ನುವ ಎಐ ಬಗ್ಗೆ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬರೆದರು. ಓಟಿಯಲ್ಲೇ ಒಂದು ಚೂರು ತೆಗೆದು ಲೇಸರ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ 10 ಸೆಕೆಂಡಿನಲ್ಲಿ ಗಡ್ಡೆ ಉಳಿದಿದೆಯಾ ಇಲ್ಲವಾ ಹೇಳುತ್ತದೆ. ಅಪಾಯದ ಉಳಿಕೆ ಅದರ ಕಣ್ಣು ತಪ್ಪಿಸಿದ್ದು ಶೇ 3.8ರಷ್ಟು ಸಲ. ಈಗಿನ ವಿಧಾನಗಳಲ್ಲಿ ಸುಮಾರು ಶೇ 25. ಇಂಥದ್ದು ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಬರಲಿ ಅಂತ ನಾನು ಕಾಯುತ್ತಿದ್ದೇನೆ. ರೋಬೋಟಿಗಿಂತ ಮೊದಲು ಇದು ಬರಲಿ.

ಪಾಲಿಸಿ ಓದುವವ

ದುಡ್ಡಿನ ವಿಷಯ ಚಿಕ್ಕದಾಗಿ. ರೋಬೋಟಿಕ್ ಸರ್ಜರಿಯನ್ನು ವಿಮೆಯಿಂದ ಹೊರಗಿಡುವ ಹಾಗಿಲ್ಲ ಅಂತ ವಿಮೆ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2019ರಲ್ಲೇ ಹೇಳಿದೆ. ಆದರೆ ಕಂಪನಿಗಳು ಅದಕ್ಕೆ ಮೊತ್ತದ ಮಿತಿ ಹಾಕಬಹುದು. ನಿಮ್ಮ ಪಾಲಿಸಿಯಲ್ಲಿ ‘ಆಧುನಿಕ ಚಿಕಿತ್ಸೆಗಳು’ ಅನ್ನುವ ಪುಟ ತೆಗೆದು ನೋಡಿ. ಮಿತಿ ಮೀರಿದ್ದು ನಿಮ್ಮ ಕೈಯಿಂದ.

ಮತ್ತೆ, ಒಪ್ಪಿಗೆ ಪತ್ರಕ್ಕೆ ಸುಮ್ನೆ ಸಹಿ ಹಾಕಬೇಡಿ. ಏನು ಮಾಡುತ್ತಾರೆ, ಬೇರೆ ದಾರಿ ಏನಿದೆ, ಅಪಾಯ ಏನು ಅಂತ ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟವಾಗಿ ಹೇಳಿದೆ. ಎಐ ಬಳಸುವುದಾದರೆ ಅದೂ ಆ ಹಾಳೆಯಲ್ಲಿ ಇರಬೇಕು ಅಂತ ಕೇಳಿ.

ತಿಪಟೂರಿನ ಮಗಳು

ಹದಿನೆಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಅಮ್ಮನ ಆಪರೇಷನ್ ಆಯಿತು, ಚೆನ್ನಾಗಿದ್ದಾರೆ. ಎಲ್ಲರಿಗೂ ಹೇಳಬೇಕು ಅನ್ನಿಸಿತು.

ಮೊದಲ ಆಸ್ಪತ್ರೆಗೆ ಮತ್ತೆ ಹೋಗಿ ನೀವು ಹೇಳಿದ ಪ್ರಶ್ನೆ ಕೇಳಿದೆ. ಸರ್ಜನ್ ಸಿಗಲಿಲ್ಲ, ‘ಅಡ್ಮಿಟ್ ಆದ ಮೇಲೆ ಮಾತಾಡಬಹುದು’ ಅಂದರು. ಎದ್ದು ಬಂದೆವು. ತುಮಕೂರಿನಲ್ಲಿ ಇನ್ನೊಬ್ಬರು ಸರ್ಜನ್ ಹತ್ತಿರ ಹೋದೆವು. ಅವರಲ್ಲಿ ರೋಬೋಟ್ ಇಲ್ಲ. ‘ನಾಳ ಸರಿಯಾಗಿ ಕಾಣದಿದ್ದರೆ ಏನು ಮಾಡುತ್ತೀರಿ ಸರ್’ ಅಂತ ಕೇಳಿದೆ. ಅವರು ಪೆನ್ನು ತಗೊಂಡು ಅಮ್ಮನ ಸ್ಕ್ಯಾನಿಂಗ್ ಲಕೋಟೆಯ ಹಿಂದೆ ಚಿತ್ರ ಬರೆದು ತೋರಿಸಿದರು. ‘ಕಾಣದಿದ್ದರೆ ಕತ್ತರಿಸುವುದಿಲ್ಲಮ್ಮ. ಅರ್ಧಕ್ಕೇ ನಿಲ್ಲಿಸಿ ಹೊರಗೆ ಬರಬೇಕಾದರೂ ಬರುತ್ತೇನೆ’ ಅಂದರು. ಅಮ್ಮ ಅಲ್ಲೇ ‘ಇವರ ಹತ್ರನೇ ಮಾಡಿಸು’ ಅಂದುಬಿಟ್ಟರು.

ಆಪರೇಷನ್ ಒಂದು ಗಂಟೆ ಅಂದಿದ್ದು ಎರಡು ಗಂಟೆ ಆಯಿತು. ಹೊರಗೆ ಕೂತು ಮಲೆನಾಡಿಗ ಅವರ ಮಾತೇ ತಲೆಯಲ್ಲಿ. ಆಮೇಲೆ ಸರ್ ಬಂದು ಹೇಳಿದರು, ಊತ ಜಾಸ್ತಿ ಇತ್ತು, ಎಲ್ಲ ಅಂಟಿಕೊಂಡಿತ್ತು. ಕ್ಲಿಪ್ ಹಾಕುವ ಮುಂಚೆ ಕೈ ನಿಲ್ಲಿಸಿ, ಪಕ್ಕದ ಓಟಿಯಲ್ಲಿದ್ದ ತಮ್ಮ ಸೀನಿಯರ್ ಅವರನ್ನು ಕರೆದು ಪರದೆ ತೋರಿಸಿದರಂತೆ. ಅವರು ನೋಡಿ, ‘ಇನ್ನೊಂದು ಸ್ವಲ್ಪ ಬಿಡಿಸು, ಆಮೇಲೆ ಹಾಕು’ ಅಂದರಂತೆ. ಇನ್ನೂ ಇಪ್ಪತ್ತು ನಿಮಿಷ ಬಿಡಿಸಿದ ಮೇಲೆ ಎರಡು ಎಳೆ ಸ್ಪಷ್ಟವಾಗಿ ಕಂಡಿತಂತೆ. ಆ ಫೋಟೋ ನಮಗೂ ತೋರಿಸಿದರು. ಡಾಕ್ಟರು ಇಲ್ಲಿ ಬರೆದ ಹಾಗೇ ಇತ್ತು, ಎರಡೇ ಎರಡು ಎಳೆ, ಹಿಂದೆ ಲಿವರ್.

ವಿಡಿಯೋ ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದಾರೆ. ವಿಡಿಯೋ ಗುರುತು ಅವರೇ, ನಮ್ಮ ಕಡೆಯ ಗಟ್ಟಿ ಪಿತ್ತಕೋಶದ ವಿಡಿಯೋ ಸಾಲದು ಅಂದಿದ್ದಿರಿ. ಅಮ್ಮನಿಗೆ ಅದನ್ನು ಓದಿ ಹೇಳಿದೆ. ‘ನನ್ನ ಹೆಸರು ಹಾಕದೆ ಇದ್ದರೆ ಕೊಡು. ಆ ಮಿಷನ್ನೂ ಒಂದಿಷ್ಟು ಕಲಿಯಲಿ’ ಅಂದರು. ಹೇಗೆ ಕೊಡುವುದು?

ವಿಡಿಯೋ ಗುರುತು

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ ಅಕ್ಕ. ನೇರವಾಗಿ ನನಗೆ ಕಳಿಸಬೇಡಿ, ಹಾಗೆ ತಗೊಳ್ಳಬಾರದು. ಆಪರೇಷನ್ ಮಾಡಿದ ಸರ್ಜನ್‌ಗೆ ಹೇಳಿ. ಅವರು ಆಸ್ಪತ್ರೆಯ ಎಥಿಕ್ಸ್ ಕಮಿಟಿ ಮೂಲಕ, ಅಮ್ಮನ ಸಹಿ ಇರುವ ಒಪ್ಪಿಗೆ ಪತ್ರದ ಜೊತೆ ಕೊಡಬೇಕು. ಪತ್ರ ಕನ್ನಡದಲ್ಲಿ ಇರಲಿ ಅಂತ ಕೇಳಿ, ಅಮ್ಮ ಓದಿ ಸಹಿ ಹಾಕಲಿ. ಮೂಲೆಯಲ್ಲಿ ಹೆಸರು, ಆಸ್ಪತ್ರೆ ನಂಬರ್ ಬಂದಿದ್ದರೆ ಅಳಿಸಬೇಕು. ಕ್ಯಾಮೆರಾವನ್ನು ಒರೆಸಲು ಹೊಟ್ಟೆಯಿಂದ ಹೊರಗೆ ತೆಗೆದಾಗ ಓಟಿಯಲ್ಲಿದ್ದವರ ಮುಖ ಬಿದ್ದಿರುತ್ತದೆ, ಆ ತುಣುಕುಗಳನ್ನೂ ಕತ್ತರಿಸಬೇಕು.

ಸೀನಿಯರ್ ಡಾಕ್ಟರು ಬಂದು ‘ಇನ್ನೊಂದು ಸ್ವಲ್ಪ ಬಿಡಿಸು’ ಅಂದ ಆ ಜಾಗ ಇದೆಯಲ್ಲ, ಅದು ಎಷ್ಟನೇ ನಿಮಿಷ ಅಂತ ಸರ್ಜನ್ ಹತ್ತಿರ ಕೇಳಿ ಬರೆಸಿ ಇಡಿ. ನಮಗೆ ಬೇಕಾಗಿರುವುದು ಆ ಇಪ್ಪತ್ತು ನಿಮಿಷ.